ಸುಣ್ಣದ ಗೆರೆಯ ದೋಣಿ

ಕಳೆದ ಫೆಬ್ರವರಿಯಲ್ಲಿ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಮಲ್ಪೆಯ ಬಸ್ಸಿಗಾಗಿ ಕಾಯುತ್ತಿದ್ದಾಗ ಹತ್ತು ವರ್ಷದ ಹುಡುಗನೊಬ್ಬ ತಾಯಿಯ ಕೈ ಬಿಡಿಸಿಕೊಂಡು ನನ್ನ ಬಳಿಗೆ ಓಡಿಬಂದ. ಹಿಂದಿನ ಏಪ್ರಿಲಿನಲ್ಲಿ ನಮ್ಮ ದೇವಾಲಯದ, ಎಂದರೆ ಚರ್ಚಿನ, ವಿ.ಬಿ.ಎಸ್.ಗೆ (ವೆಕೇಶನ್ ಬೈಬಲ್ ಸ್ಕೂಲ್, ಮಕ್ಕಳ ರಜೆಯ ಬೈಬಲ್ ಶಿಬಿರ) ಐದೂ ದಿನ ತಪ್ಪದೆ ಬಂದಿದ್ದವನು. "ಅಕ್ಕ, ಈ ಸಲವೂ ಪೆಂಗ್ವಿನ್ ಉಂಟಾ?" ಎಂದು ಕೇಳಿದ. ನನಗೆ ಖುಷಿಯೇ ಆಯಿತು. ಹತ್ತು ತಿಂಗಳ ಮೇಲೂ ಮಗುವೊಂದು ನಮ್ಮ ಶಿಬಿರವನ್ನು ನೆನಪಿಟ್ಟುಕೊಂಡಿದೆಯೆಂದರೆ ಯಾವ ಶಿಕ್ಷಕಿಗೆ ಖುಷಿಯಾಗುವುದಿಲ್ಲ? ಅದೇ ಉಮೇದಿನಲ್ಲಿ, ಪೆಂಗ್ವಿನ್ ಬಂದ ದಿನ ಯಾರ ಕಥೆ ಹೇಳಿದ್ದೆವು ನೆನಪಿದೆಯೇ ಎಂದು ಕೇಳಿದೆ. ಆತ ಪೆಂಗ್ವಿನ್‌ನ ಟೋಪಿಯ ಬಣ್ಣ ಹೇಳಿದ, ಅದರ ಒಂದು ಕಣ್ಣು ಕಿತ್ತುಬಂದದ್ದನ್ನು ಹೇಳಿದ, ಅದರೊಳಗೆ ಇದ್ದವರು ಯೂತ್ ಫೆಲೋಶಿಪ್ಪಿನ ಯಾವ ಅಣ್ಣ ಎಂಬುದನ್ನೂ ಹೇಳಿದ. ಕಥೆ ಮಾತ್ರ ನೆನಪಾಗಲಿಲ್ಲ. "ಸಿಂಹದ ಕಥೆ ಅಲ್ವಾ?" ಎಂದು ನಾನೇ ಎತ್ತಿಕೊಟ್ಟೆ. "ಸಿಂಹ ಬರಲೇ ಇಲ್ಲ ಅಕ್ಕ, ಪೆಂಗ್ವಿನ್ ಮಾತ್ರ ಬಂದದ್ದು" ಎಂದು ಆತ ಖಚಿತವಾಗಿ ಹೇಳಿದ.

ಅವನ ಮಾತು ನಿಜ. ಆ ದಿನ ನಾವು ಹೇಳಿದ್ದು ಸಿಂಹಗಳ ಗವಿಯಲ್ಲಿ ಬಿದ್ದ ದಾನಿಯೇಲನ ಕಥೆ. ಆದರೆ ವೇದಿಕೆಗೆ ಬಂದದ್ದು ಪೆಂಗ್ವಿನ್. ಬಾಬಿಲೋನಿನ ಸೀಮೆಯಲ್ಲಿ ನಡೆದ, ಸಿಂಹಗಳೇ ತುಂಬಿರುವ ಕಥೆಯನ್ನು ಅರಬ್ಬೀ ಸಮುದ್ರದ ದಡದಲ್ಲಿರುವ ಮಕ್ಕಳಿಗೆ ಹೇಳಲು ನಾವು ಹಿಮಖಂಡದ ಹಕ್ಕಿಯೊಂದನ್ನು ಏಕೆ ಕರೆತಂದೆವು ಎಂಬ ಪ್ರಶ್ನೆ ಅಂದು ಬಸ್ಸಿನಲ್ಲಿ ಕುಳಿತ ಮೇಲೆ ನನ್ನನ್ನು ಹಿಡಿದುಕೊಂಡಿತು. ಈ ಬರಹ ಅದರ ಬೆನ್ನು ಹಿಡಿದು ಬಂದದ್ದು.

ಏಪ್ರಿಲಿನ ಸೆಕೆಯಲ್ಲಿ ಹಿಮ

ಆ ವರ್ಷದ ಹಿಮದ ಥೀಮ್ ನಾವು ಆರಿಸಿದ್ದಲ್ಲ, ನಮಗೆ ದೊರೆತದ್ದು. ಸಭೆಯ ಕುಟುಂಬವೊಂದರ ಬಂಧುಗಳು ಅಮೆರಿಕದಲ್ಲಿದ್ದಾರೆ. ಅವರ ದೇವಾಲಯದಲ್ಲಿ ಬಳಸಿ ಮುಗಿದ ಕಿಟ್ ಒಂದನ್ನು ಅವರು ಪ್ರೀತಿಯಿಂದ ಕಳುಹಿಸಿಕೊಟ್ಟಿದ್ದರು. ಪೆಟ್ಟಿಗೆ ತೆರೆದರೆ ಎಲ್ಲವೂ ಅದರಲ್ಲೇ ಇತ್ತು: ಐದು ದಿನಕ್ಕೆ ಐದು ಕಥೆ, ಐದು ಪ್ರಾಣಿ, ಐದು ಹಾಡು, ಹಾಡಿಗೆ ತಕ್ಕ ವಿಡಿಯೊ, ಬಾಗಿಲಿಗೆ ಯಾವ ಬಣ್ಣದ ಕಾಗದ ಅಂಟಿಸಬೇಕು, ತಿಂಡಿಯ ಬಿಸ್ಕತ್ತನ್ನು ಯಾವ ಆಕಾರದಲ್ಲಿ ಜೋಡಿಸಬೇಕು ಎಂಬುದರವರೆಗೆ. ವರ್ಷವಿಡೀ ಸಂಡೇ ಸ್ಕೂಲಿಗೆ ಪಾಠ ತಯಾರಿಸಿ ಬಳಲಿದ ನಮ್ಮಂಥವರಿಗೆ ಅದು ಸಿದ್ಧ ಅಡುಗೆ ಸಿಕ್ಕಂತೆ. ಯಾರೂ ಎರಡನೆಯ ಮಾತಾಡಲಿಲ್ಲ.

ಹಿಮವನ್ನು ಮಾತ್ರ ನಾವೇ ತಯಾರಿಸಬೇಕಾಗಿತ್ತು. ಸ್ತ್ರೀ ಸಂಘದವರು ಹತ್ತಿ ಎಳೆದು ಹರಡಿದರು. ಹುಡುಗರು ಎರಡು ರಾತ್ರಿ ಕುಳಿತು ಥರ್ಮಾಕೋಲ್ ಕೊರೆದು ಇಗ್ಲೂ ಕಟ್ಟಿದರು. ಉಳಿದ ಚೂರುಗಳನ್ನು ಉಜ್ಜಿ ಪುಡಿ ಮಾಡಿ ಬಲಿಪೀಠದ ಕೆಳಗಿನ ಮೆಟ್ಟಿಲುಗಳ ಮೇಲೆ ಚೆಲ್ಲಿದರು. ನೋಡಲು ನಿಜಕ್ಕೂ ಚಂದವಿತ್ತು. ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳು ಒಳಗೆ ಬಂದು ಕುಳಿತರು, ಯಾರೋ ಎದ್ದು ಫ್ಯಾನ್ ಹಾಕಿದರು, ಒಂದೇ ನಿಮಿಷದಲ್ಲಿ ಹಿಮವೆಲ್ಲ ಎದ್ದು ಮಕ್ಕಳ ತಲೆಯ ಮೇಲೆ, ಹಾರ್ಮೋನಿಯಂನ ಸಂದಿಗಳಲ್ಲಿ, ನಮ್ಮ ಪಾದ್ರಿ ಅಯ್ಯನವರ ಕನ್ನಡಕದ ಮೇಲೆ ಬಂದು ಕುಳಿತಿತು. ಆಮೇಲೆ ಐದು ದಿನವೂ ಫ್ಯಾನ್ ಹಾಕಲಿಲ್ಲ. ಬಾಸೆಲ್ ಮಿಷನ್ನಿನವರ ಕಾಲದ ಹಂಚಿನ ಮಾಡು ಎಷ್ಟು ಎತ್ತರವಿದ್ದರೇನು, ಕರಾವಳಿಯ ಏಪ್ರಿಲ್ ತಿಂಗಳಲ್ಲಿ ಫ್ಯಾನಿಲ್ಲದೆ ನೂರು ಮಕ್ಕಳು ಒಂದೆಡೆ ಕುಳಿತರೆ ಏನಾಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಉತ್ತರ ಧ್ರುವದಲ್ಲಿ ಕುಳಿತು ಎಲ್ಲರೂ ಬೆವರಿನಲ್ಲಿ ತೊಯ್ದರು. (ಉತ್ತರ ಧ್ರುವವೋ ದಕ್ಷಿಣ ಧ್ರುವವೋ ಎಂಬುದೂ ಇತ್ಯರ್ಥವಾಗಲಿಲ್ಲ. ನಮ್ಮ ಹುಡುಗರು ಬಿಳಿ ಕರಡಿಯನ್ನೂ ಪೆಂಗ್ವಿನ್ನನ್ನೂ ಒಂದೇ ಮಂಜುಗಡ್ಡೆಯ ಮೇಲೆ ನಿಲ್ಲಿಸಿದ್ದರು. ಅವೆರಡೂ ಭೂಮಿಯ ಎರಡು ತುದಿಗಳಲ್ಲಿ ಇರುವಂಥವು ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು. ನಾವು ಅವಳಿಗೆ ಚಾಕಲೇಟ್ ಕೊಟ್ಟು ಕೂರಿಸಿದೆವು.)

ಇದನ್ನೆಲ್ಲ ಹೇಳುವಾಗ ನಗು ಬರುತ್ತದೆ, ಆದರೆ ಆ ಐದು ದಿನ ಮಕ್ಕಳು ಸಂತೋಷವಾಗಿದ್ದರು ಎಂಬುದನ್ನು ಮುಚ್ಚಿಟ್ಟರೆ ತಪ್ಪಾದೀತು. ಕುಣಿದರು, ಹಾಡಿದರು, ಪ್ರತಿದಿನ ಹೊಸ ಮಕ್ಕಳನ್ನು ಕರೆತಂದರು. ಸಮಾರೋಪದ ಭಾನುವಾರ ತಂದೆತಾಯಿಯರು ಇಗ್ಲೂವಿನ ಮುಂದೆ ಸಾಲುಗಟ್ಟಿ ನಿಂತು ಫೋಟೊ ತೆಗೆಸಿಕೊಂಡರು. ಇಷ್ಟು ಚೆನ್ನಾಗಿ ಯಾವ ವರ್ಷವೂ ಆಗಿರಲಿಲ್ಲ ಎಂದು ಕಮಿಟಿಯಲ್ಲಿ ಎಲ್ಲರೂ ಹೇಳಿದರು, ನಾನೂ ಹೇಳಿದೆ. ಪೆಂಗ್ವಿನ್ ಹುಡುಗ ಸಿಗದೇ ಹೋಗಿದ್ದರೆ ಅದೇ ಮಾತನ್ನು ಈಗಲೂ ಹೇಳುತ್ತಿದ್ದೆನೇನೋ.

ಬಾಡಿಗೆಯ ಬಿಯರ್ ಅಂಗಡಿ

ರಜೆಯಲ್ಲಿ ಮಕ್ಕಳನ್ನು ಕೂಡಿಸಿ ಸತ್ಯವೇದ (ಬೈಬಲ್) ಕಲಿಸುವ ಈ ಪದ್ಧತಿ ಶುರುವಾದ ಬಗೆಯನ್ನು ನಾನು ಆ ಬಳಿಕವೇ ಓದಿದ್ದು. 1898ರಲ್ಲಿ ನ್ಯೂಯಾರ್ಕಿನ ಪೂರ್ವಭಾಗದ ಬಡ ಬೀದಿಗಳಲ್ಲಿ ಬೇಸಿಗೆ ರಜೆಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ಎಲೈಜಾ ಹಾಸ್ ಎಂಬ ಮಹಿಳೆ ಒಂದು ಶಾಲೆ ತೆರೆದರು. ಅದಕ್ಕೆ ಆಕೆ ಬಾಡಿಗೆಗೆ ಹಿಡಿದದ್ದು ಬಿಯರ್ ಮಾರುವ ಒಂದು ಹಾಲ್. ಕಥೆ, ಹಾಡು, ವಚನಗಳ ಕಂಠಪಾಠ, ಆಟ, ಚಿತ್ರ, ಅಡುಗೆ, ಕೈಕೆಲಸ, ಹೀಗೆ ಇಂದು ನಾವು ಮಾಡುವುದೆಲ್ಲ ಅಲ್ಲಿಯೇ ಇತ್ತು. ಅದನ್ನು ಕಂಡು ರಾಬರ್ಟ್ ಬೋವಿಲ್ ಎಂಬ ಪಾದ್ರಿ ನಗರದ ಬೇರೆ ಕಡೆಗಳಿಗೂ ಹಬ್ಬಿಸಿದರು. 1920ರ ದಶಕದಲ್ಲಿ ಪ್ರಕಾಶಕರು ಸಿದ್ಧ ಪಾಠಪುಸ್ತಕಗಳನ್ನು ಅಚ್ಚು ಹಾಕತೊಡಗಿದರು. ಪಾಠಪುಸ್ತಕ ಬೆಳೆಬೆಳೆಯುತ್ತ ಒಂದು ದಿನ ನಮ್ಮ ಮನೆಬಾಗಿಲಿಗೆ ಬಂದ ಪೆಟ್ಟಿಗೆಯಾಯಿತು.

ನನಗೆ ಇದರಲ್ಲಿ ಹಿಡಿಸಿದ್ದು ಬಿಯರ್ ಅಂಗಡಿಯೇ. ಹಾಸ್ ಅವರು ಮಕ್ಕಳನ್ನು ಬೇರೆಲ್ಲಿಗೋ ಒಯ್ಯುವ ಕನಸು ಕಟ್ಟಲಿಲ್ಲ. ಅವರಿರುವ ಬೀದಿಯಲ್ಲಿ, ಆ ಬೀದಿಯ ವಾಸನೆಯ ನಡುವೆಯೇ ಚಾಪೆ ಹಾಸಿದರು. ನಮ್ಮ ಕಡೆಯೂ ಇಂಥದ್ದನ್ನು ಯೋಚಿಸಿದವರಿದ್ದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ತಮ್ಮೊಂದಿಗೆ ಜರ್ಮನ್ ರಾಗಗಳನ್ನು ತಂದರು; ಇಂದಿಗೂ ಭಾನುವಾರದ ಆರಾಧನೆಯಲ್ಲಿ ನಾವು ಅವುಗಳನ್ನೇ ಹಾಡುತ್ತೇವೆ, ನನಗೆ ಅವು ಇಷ್ಟ ಕೂಡ. ಆದರೆ ಅದೇ ಮಿಷನ್ನಿನ ಕಿಟೆಲ್, ನಿಘಂಟಿಗೆ ಮೊದಲೇ, 1862ರಲ್ಲಿ 'ಕಥಾಮಾಲೆ' ಎಂಬ ಪುಸ್ತಕದಲ್ಲಿ ಕ್ರಿಸ್ತನ ಜೀವನವನ್ನು ಕನ್ನಡದ ಪದ್ಯದಲ್ಲಿ, ಇಲ್ಲಿಯ ಹಾಡಿಕೆಗೆ ಒಗ್ಗುವಂತೆ ಬರೆದರು. ಕಥೆ ಹೊರಗಿನಿಂದ ಬಂದದ್ದಾದರೂ ಕೇಳುವ ಕಿವಿ ಈ ನೆಲದ್ದು ಎಂಬುದು ಜರ್ಮನಿಯಿಂದ ಬಂದವರಿಗೆ ಹೊಳೆದಿತ್ತು. ಇಲ್ಲಿಯೇ ಹುಟ್ಟಿ ಬೆಳೆದ ನಾವು ಫ್ಯಾನ್ ಆರಿಸಿ ಹಿಮ ಕಾಯುತ್ತಿದ್ದೆವು.

"ಕುರುಬ ಇದ್ದರೂ ಕೊರತೆ ಯಾಕೆ?"

ಥೀಮಿನ ಮೇಲೆಯೇ ತಪ್ಪೆಲ್ಲ ಹೊರಿಸುವುದೂ ಸರಿಯಲ್ಲ. ಥೀಮ್ ಇಲ್ಲದ ದಿನಗಳಲ್ಲಿ ನಾವು ಏನು ದೊಡ್ಡ ಪಾಠ ಮಾಡಿದ್ದೆವು? ನಾನು ಚಿಕ್ಕವಳಿದ್ದಾಗ ವಿ.ಬಿ.ಎಸ್. ಎಂದರೆ ಕಂಠಪಾಠ. ಬಿಗಿನರ್, ಪ್ರೈಮರಿ, ಜೂನಿಯರ್ ಎಂದು ಮಕ್ಕಳನ್ನು ಬೇರೆ ಬೇರೆ ಮೂಲೆಗಳಲ್ಲಿ ಕೂರಿಸಿ ವಚನ ಬಾಯಿಪಾಠ ಮಾಡಿಸುತ್ತಿದ್ದರು. ಕೊನೆಯ ದಿನ ಒಪ್ಪಿಸಿದವರಿಗೆ ಸ್ಟೀಲಿನ ತಟ್ಟೆ. ನಮ್ಮ ಮನೆಯಲ್ಲಿ ಅಂಥ ಮೂರು ತಟ್ಟೆಗಳು ಈಗಲೂ ಇವೆ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳಾದ ನನಗೆ ಆ ಕಂಠಪಾಠದ ಒಳಗಿದ್ದ ತೊಡಕು ಗೊತ್ತಾದದ್ದು ಬಹಳ ತಡವಾಗಿ. ಕೆಲವು ವರ್ಷಗಳ ಹಿಂದೆ ಇಪ್ಪತ್ತಮೂರನೆಯ ಕೀರ್ತನೆಯನ್ನು ಹೇಳಿಕೊಡುತ್ತಿದ್ದೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಮಕ್ಕಳು ಗಟ್ಟಿಯಾಗಿ ಹೇಳಿದರು, ತಪ್ಪಿಲ್ಲದೆ ಹೇಳಿದರು. ಕೊನೆಗೆ ಒಬ್ಬಳು ಕೈಯೆತ್ತಿ, "ಟೀಚರ್, ಕುರುಬ ಇದ್ದರೂ ಕೊರತೆ ಯಾಕೆ?" ಎಂದಳು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದ ಮೇಲೆ ತಿಳಿಯಿತು: 'ಕೊರತೆಪಡೆನು' ಎಂಬುದು ಅವಳ ಕಿವಿಗೆ 'ಕೊರತೆಯನ್ನು ಪಡೆಯುತ್ತೇನೆ' ಎಂದು ಕೇಳಿಸಿತ್ತು. 'ಮಾಡೆನು', 'ನೋಡೆನು', 'ಪಡೆನು' ಎಂಬ ಹಳೆಯ ನಿಷೇಧರೂಪ ಇಂದಿನ ಮಕ್ಕಳ ಮಾತಿನಲ್ಲಿ ಎಲ್ಲಿದೆ? ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ದೇವಾಲಯದಲ್ಲಿ ಮಾತ್ರ ಇಂಥ ಕನ್ನಡ. ಕಾಯುವವನಿದ್ದಾನೆ, ಆದ್ದರಿಂದ ಯಾವ ಕೊರತೆಯೂ ಇಲ್ಲ ಎಂದು ಸಾರುವ ವಾಕ್ಯವನ್ನು ಆ ಸಾಲಿನಲ್ಲಿ ಕುಳಿತ ಮಕ್ಕಳಲ್ಲಿ ಎಷ್ಟು ಮಂದಿ ತಲೆಕೆಳಗಾಗಿ ಕಂಠಪಾಠ ಮಾಡಿದ್ದರೋ. ಸ್ಟೀಲಿನ ತಟ್ಟೆ ಗೆದ್ದ ನಾನೂ ಆ ವಯಸ್ಸಿನಲ್ಲಿ ಹಾಗೆಯೇ ತಿಳಿದಿದ್ದೆನೇ ಎಂಬುದು ನೆನಪಿಲ್ಲ, ಆದರೆ ಕೇಳಿರಲಿಲ್ಲ ಎಂಬುದು ಖಂಡಿತ. ಅಂದಿನ ವಿ.ಬಿ.ಎಸ್.ನಲ್ಲಿ ಪ್ರಶ್ನೆ ಕೇಳುವ ಹೊತ್ತೇ ಇರಲಿಲ್ಲ.

ಹಾಗೆ ನೋಡಿದರೆ ಕಂಠಪಾಠಕ್ಕೂ ಪೆಂಗ್ವಿನ್ನಿಗೂ ಅಂಥ ವ್ಯತ್ಯಾಸವಿಲ್ಲ. ಕಂಠಪಾಠದಲ್ಲಿ ಮಗು ಬಾಯಿ ತೆರೆದು ನಾವು ಹೇಳಿದ್ದನ್ನೇ ಹೇಳುತ್ತದೆ, ಪೆಂಗ್ವಿನ್ ಬಂದಾಗ ಬಾಯಿ ತೆರೆದು ನೋಡುತ್ತದೆ. ಎರಡರಲ್ಲೂ ಶಿಕ್ಷಕಿ ಕ್ಷೇಮ.

ಇಪ್ಪತ್ತೇಳು ಅಡಿ ಉದ್ದ, ಏಳೂವರೆ ಅಡಿ ಅಗಲ

ಈ ವರ್ಷ ಕಿಟ್ ಬೇಡ, ಯೇಸು ಓಡಾಡಿದ ಗಲಿಲಾಯ ಸರೋವರದ ದೋಣಿಯ ಕಥೆಗಳನ್ನಷ್ಟೇ ಐದು ದಿನ ಹೇಳೋಣ ಎಂದು ನಾನು ಕಮಿಟಿಯಲ್ಲಿ ಹೇಳಿದಾಗ ಮೊದಲಿಗೆ ಎಲ್ಲರೂ ಸುಮ್ಮನಾದರು. ಮೀನು ಹಿಡಿಯುವ ಊರಿನ ಮಕ್ಕಳಿಗೆ ಮೀನು ಹಿಡಿಯುವುದನ್ನು ತೋರಿಸಿದರೆ ಅದರಲ್ಲಿ ಏನು ಆಕರ್ಷಣೆ ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅಯ್ಯನವರು ನನ್ನ ಪರವಾಗಿ ನಿಂತರು, ಬಹುಶಃ ಕನ್ನಡಕದ ಮೇಲಿನ ಥರ್ಮಾಕೋಲ್ ನೆನಪಾಗಿರಬೇಕು.

ಥರ್ಮಾಕೋಲಿನಲ್ಲಿ ದೋಣಿ ಕಟ್ಟೋಣ ಎಂದು ಹುಡುಗರು ಹೊರಟಿದ್ದರು. ಅದನ್ನು ತಡೆದದ್ದು ಒಂದು ಅಳತೆ. 1986ರಲ್ಲಿ ಬರಗಾಲದಿಂದ ಗಲಿಲಾಯ ಸರೋವರದ ನೀರು ಇಳಿದಾಗ ದಡದ ಕೆಸರಿನಲ್ಲಿ ಇಬ್ಬರು ಸಹೋದರರಿಗೆ ಹಳೆಯ ದೋಣಿಯೊಂದು ಕಾಣಿಸಿತು. ಪರೀಕ್ಷಿಸಿ ನೋಡಿದಾಗ ಅದು ಸುಮಾರು ಎರಡು ಸಾವಿರ ವರ್ಷ ಹಿಂದಿನದು, ಎಂದರೆ ಯೇಸುವಿನ ಶಿಷ್ಯರಾದ ಪೇತ್ರ, ಅಂದ್ರೆಯರು ಬಲೆ ಬೀಸುತ್ತಿದ್ದ ಕಾಲದ್ದು ಎಂದು ತಿಳಿಯಿತು. ಅವರದೇ ದೋಣಿ ಎಂದಲ್ಲ, ಅಂಥದ್ದು. ಉಳಿದಿರುವ ಭಾಗದ ಉದ್ದ 8.27 ಮೀಟರ್, ಅಗಲ 2.3 ಮೀಟರ್. ನಮ್ಮ ಲೆಕ್ಕದಲ್ಲಿ ಇಪ್ಪತ್ತೇಳು ಅಡಿ ಮತ್ತು ಏಳೂವರೆ ಅಡಿ. ಶಾಲೆಯ ಕ್ರೀಡಾಕೂಟಕ್ಕೆ ತಂದು ಮಿಕ್ಕಿದ್ದ ಸುಣ್ಣದ ಪುಡಿಯನ್ನು ತೆಗೆದುಕೊಂಡು, ಟೇಪು ಹಿಡಿದು, ದೇವಾಲಯದ ಅಂಗಳದಲ್ಲಿ ಹಲಸಿನ ಮರದ ನೆರಳಿಗೆ ಅಷ್ಟೇ ಅಳತೆಯ ದೋಣಿಯನ್ನು ಬರೆದೆವು. ಅಲಂಕಾರ ಅಷ್ಟೇ. ಮೊದಲ ದಿನ ಬಂದ ಮಕ್ಕಳ ಮುಖ ಸಪ್ಪಗಾದದ್ದನ್ನು ನೋಡಿ ನನಗೂ ಕೈಕಾಲು ತಣ್ಣಗಾಯಿತು. "ಇಷ್ಟೆಯಾ?" ಎಂದು ಪೆಂಗ್ವಿನ್ ಹುಡುಗ ಕೇಳಿಯೇ ಬಿಟ್ಟ.

ಎರಡನೆಯ ದಿನ ಬಲೆ ರಿಪೇರಿ ಮಾಡುವ ನೆರೆಮನೆಯ ಹಿರಿಯರೊಬ್ಬರನ್ನು ಕರೆದಿದ್ದೆವು. ಮೊಗವೀರರು, ಪ್ರಾಯ ಎಪ್ಪತ್ತರ ಮೇಲೆ. "ಯೇಸುಸ್ವಾಮಿಯ ಕಥೆ ನನಗೆ ಗೊತ್ತಿಲ್ಲಮ್ಮ, ಬಲೆಯದ್ದು ಬೇಕಾದರೆ ಹೇಳ್ತೇನೆ" ಎಂದೇ ಒಪ್ಪಿ ಬಂದಿದ್ದರು. ನೆಲದ ಮೇಲೆ ಕಾಲು ಚಾಚಿ ಕುಳಿತು, ಬಲೆಯ ಒಂದು ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಎಳೆದು ಹಿಡಿದರು. ಹರಿದ ಜಾಗದ ಸುತ್ತಲಿನ ಜೂಲುದಾರಗಳನ್ನು ಬ್ಲೇಡಿನಿಂದ ಮೊದಲು ಕತ್ತರಿಸಿದರು. ಹರಿದದ್ದನ್ನು ಹೊಲಿಯುವ ಮೊದಲು ಅದನ್ನು ಇನ್ನಷ್ಟು ದೊಡ್ಡದು ಮಾಡುತ್ತಿರುವುದನ್ನು ಕಂಡು ಮಕ್ಕಳು ಬೆರಗಾದರು. "ಗಟ್ಟಿ ಕಣ್ಣು ಸಿಗುವವರೆಗೆ ಕತ್ತರಿಸಬೇಕು, ಹಾಳಾದದ್ದಕ್ಕೆ ಗಂಟು ಹಾಕಿದರೆ ನಿಲ್ಲುವುದಿಲ್ಲ" ಎಂದರು. ಆಮೇಲೆ ನೈಲಾನ್ ದಾರ ಸುತ್ತಿದ ಸೂಜಿ ಅವರ ಬೆರಳುಗಳ ನಡುವೆ ಓಡತೊಡಗಿತು. ಒಂದೊಂದು ಕಣ್ಣಿಗೂ ಒಂದು ಗಂಟು, ಪ್ರತಿ ಗಂಟಿನ ಕೊನೆಗೆ ಸಣ್ಣದೊಂದು ಜಗ್ಗು. ಬೂತಾಯಿ ಮೀನಿಗೆ ಎಷ್ಟು ಸಣ್ಣ ಕಣ್ಣು, ಅಂಜಲಿ ಮೀನಿಗೆ ಎಷ್ಟು ದೊಡ್ಡದು ಎಂಬುದನ್ನು ಮಕ್ಕಳ ಬೆರಳುಗಳನ್ನೇ ಬಲೆಯೊಳಗೆ ತೂರಿಸಿ ತೋರಿಸಿದರು. ಅಂಗೈಯಗಲದ ಹರಕು ಮುಚ್ಚುವಷ್ಟರಲ್ಲಿ ಪಾನಕದ ಹೊತ್ತು ಮೀರಿಹೋಗಿತ್ತು, ಯಾರೂ ಏಳಲಿಲ್ಲ.

ಅವರು ನಡುವೆ ಆಡಿದ ಇನ್ನೊಂದು ಮಾತನ್ನು ಇಲ್ಲಿ ಬರೆಯಲೇಬೇಕು. ಮೀನು ಸಿಗದ ದಿನ ಬಲೆ ತೊಳೆಯುವುದೇ ಎಲ್ಲಕ್ಕಿಂತ ಬೇಸರದ ಕೆಲಸ, ಮೀನು ಸಿಕ್ಕಿದ್ದರೆ ಆ ಉಮೇದಿನಲ್ಲಿ ತೊಳೆದುಬಿಡಬಹುದು ಎಂದರು. ಲೂಕನ ಸುವಾರ್ತೆಯ ಐದನೆಯ ಅಧ್ಯಾಯವನ್ನು ನಾನು ಎಷ್ಟು ಸಲ ಕಲಿಸಿಲ್ಲ! ಸೀಮೋನ (ಪೇತ್ರನೇ) ಮತ್ತು ಅವನ ಜೊತೆಯವರು ರಾತ್ರಿಯೆಲ್ಲ ದುಡಿದು ಏನೂ ಸಿಗದೆ ದಡಕ್ಕೆ ಬಂದು ಬಲೆ ತೊಳೆಯುತ್ತಿರುವಾಗಲೇ ಯೇಸು ಅವರ ಬಳಿಗೆ ಬರುವುದು, ಮತ್ತೆ ಆಳಕ್ಕೆ ಹೋಗಿ ಬಲೆ ಹಾಕಿರಿ ಎನ್ನುವುದು. 'ತೊಳೆಯುತ್ತಿದ್ದರು' ಎಂಬ ಪದದ ಮೇಲೆ ನನ್ನ ಕಣ್ಣು ಒಮ್ಮೆಯೂ ನಿಂತಿರಲಿಲ್ಲ. ತೊಳೆದು ಮುಗಿಸಿದ ಬಲೆಯನ್ನು ಮತ್ತೆ ನೀರಿಗಿಳಿಸು ಎಂದರೆ, ಮೀನು ಸಿಗದಿದ್ದರೆ ಎರಡನೆಯ ಸಲವೂ ತೊಳೆ ಎಂದಂತೆ. ಸೀಮೋನ ಒಪ್ಪಿದ್ದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ನನಗೆ ತಿಳಿಸಿದವರು ಆ ಕಥೆ ಗೊತ್ತಿಲ್ಲ ಎಂದ ಹಿರಿಯರು.

ಮೂರನೆಯ ದಿನ ಬಿರುಗಾಳಿಯ ಕಥೆ: ದೋಣಿಯಲ್ಲಿ ಮಲಗಿದ್ದ ಯೇಸುವನ್ನು ಶಿಷ್ಯರು ಎಬ್ಬಿಸುತ್ತಾರೆ, ಅವನು ಬಿರುಗಾಳಿಯನ್ನು ನಿಲ್ಲಿಸುತ್ತಾನೆ. ಸುಣ್ಣದ ಗೆರೆಯೊಳಗೆ ಹದಿಮೂರು ಮಕ್ಕಳನ್ನು ಕೂರಿಸಿದೆವು. ಹನ್ನೆರಡು ಶಿಷ್ಯರು, ಒಬ್ಬ ಯೇಸು. ಹೊರಗೆ ನಿಂತವರು ಅಲೆ. ಯೇಸುವಾದವನು ಹಿಂಭಾಗದಲ್ಲಿ ದಿಂಬಿಟ್ಟು ಮಲಗಿದ. ಅಷ್ಟರಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬ, ತಂದೆ ಬೋಟಿನಲ್ಲಿ ದುಡಿಯುವವರು, ನಾಟಕವನ್ನೇ ನಿಲ್ಲಿಸಿದ. "ಹಿಂದೆ ಇವನು ಮಲಗಿದರೆ ಚುಕ್ಕಾಣಿ ಹಿಡಿಯುವವ ಎಲ್ಲಿ ಕೂತ್ಕೊಳ್ಳುವುದು?" ಉಳಿದವರೂ ಎದ್ದರು. ಮುಂದೆ ಮಲಗಲಿ ಎಂದರೆ ಸುವಾರ್ತೆಯಲ್ಲಿ ಮಾರ್ಕನು ಹಿಂಭಾಗ ಎಂದೇ ಬರೆದಿದ್ದಾನೆ. ಬದಿಯಲ್ಲಿ ಮಲಗಲಿ ಎಂದರೆ ಅಗಲ ಏಳೂವರೆ ಅಡಿ, ಹುಟ್ಟು ಹಾಕುವವರ ಕಾಲು ತಾಗುತ್ತದೆ. ಹತ್ತು ನಿಮಿಷ ಹದಿಮೂರು ಮಕ್ಕಳು ಆ ಗೆರೆಯೊಳಗೆ ಒಬ್ಬರನ್ನೊಬ್ಬರು ಸರಿಸಿಕೊಂಡು, ಮಲಗಿ, ಎದ್ದು, ಜಗಳವಾಡಿ ಜಾಗ ಹುಡುಕಿದರು. ಇಂಥ ದೋಣಿಯ ಹಿಂಭಾಗದಲ್ಲಿ ಹಲಗೆಯ ಅಟ್ಟವಿದ್ದಿರಬೇಕು, ಅದರ ಮೇಲೆ ಚುಕ್ಕಾಣಿಯವನು ನಿಂತು ಕೆಳಗಿನ ಗೂಡಿನಲ್ಲಿ ಯೇಸು ಮಲಗಿರಬಹುದು ಎಂದು ಆ ದೋಣಿಯನ್ನು ಅಗೆದು ತೆಗೆದ ವಿದ್ವಾಂಸರು ಊಹಿಸುತ್ತಾರೆ. ನಾನು ಅದನ್ನು ಹೇಳುವ ಮೊದಲೇ ಆ ಹುಡುಗ ಒಂದು ಬೆಂಚು ತಂದಿಟ್ಟು ಅದರ ಕೆಳಗೆ ಯೇಸುವನ್ನು ತೂರಿಸಿ, ತಾನು ಮೇಲೆ ಹತ್ತಿ ನಿಂತಿದ್ದ.

ಹಳೆಯ ದೋಣಿಯನ್ನು ಹತ್ತು-ಹನ್ನೆರಡು ಬಗೆಯ ಮರದ ತುಂಡುಗಳಿಂದ ಮತ್ತೆ ಮತ್ತೆ ತೇಪೆ ಹಾಕಿ ಬಳಸಿದ್ದರಂತೆ ಎಂದೂ ಹೇಳಿದೆ. ಅದು ಅವರಿಗೆ ವಿಶೇಷವೆನಿಸಲಿಲ್ಲ. ದೋಣಿಯೆಂದ ಮೇಲೆ ತೇಪೆ ಇರುವುದೇ.

ನನ್ನಲ್ಲಿ ಉತ್ತರವಿಲ್ಲದ್ದು

ಬಿರುಗಾಳಿ ನಿಂತಿತು, ಅಲೆಯಾದವರು ಕುಳಿತರು, ನಾನು ಕಥೆಯನ್ನು ಮುಗಿಸುವ ಎಂದಿನ ಮಾತಿಗೆ ಬಂದಿದ್ದೆ. ಆಗ ಆರನೆಯ ತರಗತಿಯ ಹುಡುಗಿಯೊಬ್ಬಳು, ಕೈ ಎತ್ತದೆ, ಮೆಲ್ಲಗೆ ಕೇಳಿದಳು: "ಸುವರ್ಣ ತ್ರಿಭುಜದವರೂ ಪ್ರಾರ್ಥನೆ ಮಾಡಿರ್ತಾರಲ್ಲ ಅಕ್ಕ?"

ಅವಳು ಆಗ ತೀರಾ ಚಿಕ್ಕವಳು, ಮನೆಯಲ್ಲಿ ದೊಡ್ಡವರು ಮಾತಾಡಿದ್ದನ್ನು ಕೇಳಿ ಬೆಳೆದಿದ್ದಾಳೆ. 2018ರ ಡಿಸೆಂಬರಿನಲ್ಲಿ ಮಲ್ಪೆ ಬಂದರಿನಿಂದ ಹೊರಟ ಆ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಮರುವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲಿನ ಆಳದಲ್ಲಿ ಅದರ ಅವಶೇಷ ಸಿಕ್ಕಿತು. ಆ ಐದು ತಿಂಗಳು ಈ ಊರು ಹೇಗಿತ್ತು ಎಂಬುದನ್ನು ಇಲ್ಲಿದ್ದವರು ಬಲ್ಲರು. ಎಲ್ಲ ಮತದವರೂ ತಮ್ಮ ತಮ್ಮ ದೇವರಲ್ಲಿ ಬೇಡಿಕೊಂಡರು. ನಮ್ಮ ದೇವಾಲಯದಲ್ಲೂ ವಾರವಾರ ಬೇಡಿಕೊಂಡೆವು.

ನಾನು ಏನೂ ಹೇಳಲಿಲ್ಲ. ಹಿಂದೆ ಕುಳಿತಿದ್ದ ಅಯ್ಯನವರ ಕಡೆ ನೋಡಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ಮಾಡಿರ್ತಾರೆ ಮಗಾ. ಯಾಕೆ ಹಾಗಾಯ್ತು ಅಂತ ನನಗೂ ಗೊತ್ತಿಲ್ಲ" ಎಂದರು. ಮಕ್ಕಳು ಸುಣ್ಣದ ಗೆರೆಯ ಒಳಗೂ ಹೊರಗೂ ಕುಳಿತಲ್ಲೇ ಕುಳಿತಿದ್ದರು. ಐದು ದಿನಗಳಲ್ಲಿ ಆ ಅಂಗಳ ಅಷ್ಟು ನಿಶ್ಶಬ್ದವಾದದ್ದು ಅದೊಂದು ಸಲ ಮಾತ್ರ.

ಆ ರಾತ್ರಿ ಮಾರ್ಕನ ನಾಲ್ಕನೆಯ ಅಧ್ಯಾಯವನ್ನು ಮತ್ತೆ ತೆರೆದೆ. ಶಿಷ್ಯರು ಯೇಸುವನ್ನು ಎಬ್ಬಿಸುವಾಗ ಕಾಪಾಡು ಎಂದು ಕೇಳುವುದಿಲ್ಲ. ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ ಎಂದು ಕೇಳುತ್ತಾರೆ. ಅದು ಪ್ರಾರ್ಥನೆಯಲ್ಲ, ಆಕ್ಷೇಪ. ಮಕ್ಕಳಿಗೆ ಹೇಳುವಾಗ ನಾನು ಯಾವಾಗಲೂ ಅದನ್ನು "ಸ್ವಾಮೀ, ನಮ್ಮನ್ನು ಕಾಪಾಡು" ಎಂದು ಮೆತ್ತಗೆ ಮಾಡಿಯೇ ಹೇಳುತ್ತಿದ್ದೆ. ಪೆಟ್ಟಿಗೆಯಲ್ಲಿ ಬಂದ ಪಾಠಗಳಲ್ಲೂ ಹಾಗೆಯೇ ಇರುತ್ತದೆ. ಆ ಹುಡುಗಿ ಕೇಳಿದ್ದು ಮೂಲದಲ್ಲಿರುವ ಪ್ರಶ್ನೆಯನ್ನೇ. ನಾವು ತೆಗೆದುಹಾಕಿದ್ದನ್ನು ಅವಳು ತನ್ನ ಊರಿನಿಂದ ತಂದು ಅದರ ಜಾಗದಲ್ಲಿ ಇಟ್ಟಿದ್ದಳು. ಮರುದಿನ ಅವಳನ್ನು ಕರೆದು ಆ ಸಾಲನ್ನು ತೋರಿಸಿದೆ. ಎರಡು ಸಲ ಓದಿದಳು, "ಅವರಿಗೂ ಸಿಟ್ಟು ಬಂದಿತ್ತಾ?" ಎಂದಳು, ಆಟಕ್ಕೆ ಓಡಿದಳು.

ಈಗ ನನಗೆ ಅನ್ನಿಸುವುದು ಇಷ್ಟು. ಹಿಮದ ಥೀಮ್ ನಮಗೆ ಹಿಡಿಸಿದ್ದು ಅದು ಚಂದವಾಗಿತ್ತೆಂಬುದಕ್ಕಿಂತಲೂ ಹೆಚ್ಚಾಗಿ ಅದರ ಬಗ್ಗೆ ಇಲ್ಲಿಯ ಯಾವ ಮಗುವೂ ನಮ್ಮನ್ನು ಏನನ್ನೂ ಕೇಳಲಾರದು ಎಂಬುದಕ್ಕೆ. ಹಿಮದಲ್ಲಿ ಈ ಊರಿನ ಯಾರೂ ಕಳೆದುಹೋಗಿಲ್ಲ. ಕಡಲಿನ ಕಥೆಯನ್ನು ಕಡಲಿನ ಮಕ್ಕಳಿಗೆ ಹೇಳಹೊರಟರೆ ಅವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ, ಮತ್ತು ಅವರು ಗೊತ್ತಿರುವವರಂತೆಯೇ ಕೇಳುತ್ತಾರೆ.

ಲೆಕ್ಕಪತ್ರ

ಇದನ್ನು ಗೆಲುವಿನ ಕಥೆಯೆಂದು ಹೇಳುವ ಧೈರ್ಯ ನನಗಿಲ್ಲ. ಈ ಸಲ ಮಕ್ಕಳ ಸಂಖ್ಯೆ ಕಡಿಮೆಯಿತ್ತು. ಎರಡನೆಯ ದಿನವೇ ಕೆಲವರು ಪಕ್ಕದ ಊರಿನ ಶಿಬಿರಕ್ಕೆ ಹೋದರು, ಅಲ್ಲಿ ರಾಕೆಟ್ ಇತ್ತಂತೆ. ಡೆಕೊರೇಷನ್ ಏನೂ ಇರಲಿಲ್ಲ ಎಂದು ಸಮಾರೋಪದಲ್ಲಿ ಇಬ್ಬರು ತಾಯಂದಿರು ನೇರವಾಗಿಯೇ ಹೇಳಿದರು. ಚಿಕ್ಕ ಮಕ್ಕಳಿಗೆ, ಐದಾರು ವರ್ಷದವರಿಗೆ, ಸುಣ್ಣದ ಗೆರೆ ಏನೇನೂ ಸಾಲಲಿಲ್ಲ ಎಂಬುದು ನಿಜ. ಅವರಿಗೆ ಕಣ್ಣಿಗೆ ಕಾಣುವ ದೋಣಿಯೇ ಬೇಕು, ಮುಂದಿನ ಸಲ ಅವರಿಗಾಗಿ ರಟ್ಟಿನದನ್ನಾದರೂ ಮಾಡಬೇಕು.

ನೆರೆಹೊರೆಯ ಬೇರೆ ಮತದ ಮಕ್ಕಳ ವಿಷಯವೂ ಇದೆ. ಮೊದಲು ಅವರು ಗೆಳೆಯರ ಜೊತೆ ತಾವಾಗಿಯೇ ಬರುತ್ತಿದ್ದರು, ಯಾರೂ ಲೆಕ್ಕವಿಡುತ್ತಿರಲಿಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರದ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಕೆಲವರು ಅವರನ್ನು ಸೇರಿಸಿಕೊಳ್ಳುವುದೇ ಬೇಡ ಎಂದರು. ನಾವು ಒಂದು ಪತ್ರ ಬರೆದೆವು: ಇದು ಸತ್ಯವೇದದ ಕಥೆಗಳನ್ನು ಹೇಳುವ ಶಿಬಿರ, ಇಂಥ ದಿನ ಇಂಥ ಕಥೆ, ಪ್ರಾರ್ಥನೆ ಇರುತ್ತದೆ, ಒಪ್ಪಿಗೆಯಿದ್ದರೆ ಸಹಿ ಹಾಕಿ ಕಳುಹಿಸಿ, ಯಾವ ಹೊತ್ತಿನಲ್ಲಾದರೂ ಬಂದು ಕುಳಿತು ನೋಡಿ. ಕಾಯಿದೆ ಇಲ್ಲದಿದ್ದರೂ ಬರೆಯಬೇಕಾಗಿದ್ದ ಪತ್ರವೇ ಅದು. ಮಗುವನ್ನು ಐದು ದಿನ ನಮ್ಮ ಕೈಗೆ ಒಪ್ಪಿಸುವವರಿಗೆ ನಾವು ಏನು ಹೇಳಿಕೊಡುತ್ತೇವೆಂದು ತಿಳಿದಿರಬೇಕು. ಸಹಿ ಹಾಕಿ ಕಳುಹಿಸಿದವರು ಕೆಲವರೇ. ಬಲೆಯ ಹಿರಿಯರ ಮೊಮ್ಮಗಳು ಅವರಲ್ಲಿ ಒಬ್ಬಳು. ಅಜ್ಜ ಎರಡನೆಯ ದಿನ ಕಲಿಸಲು ಬಂದವರು ಉಳಿದ ಮೂರು ದಿನವೂ ಹಲಸಿನ ಮರದಡಿ ಕುಳಿತು ಕೇಳಿದರು. ಚುಕ್ಕಾಣಿಯ ಜಗಳದಲ್ಲಿ ನಾಲ್ಕನೆಯ ತರಗತಿಯ ಹುಡುಗನ ಪಕ್ಷ ವಹಿಸಿದ್ದೂ ಅವರೇ.

ಬರುವ ವರ್ಷ ಯಾರಾದರೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಈ ಸಲವೂ ಬಲೆಯ ಅಜ್ಜ ಉಂಟಾ ಎಂದಷ್ಟೇ ಕೇಳಬಹುದು, ಕಥೆಯನ್ನು ಮತ್ತೆ ಮರೆತಿರಬಹುದು. ಪೆಂಗ್ವಿನ್ ಹೋಗಿ ಬಲೆ ಬಂತು ಎಂದಷ್ಟೇ ಆಗಿರಲೂಬಹುದು. ಅದಕ್ಕೇ ಶನಿವಾರ ಎಲ್ಲ ಮುಗಿದು ಚಾಪೆ ಸುತ್ತುತ್ತಿದ್ದಾಗ ಪೆಂಗ್ವಿನ್ ಹುಡುಗನನ್ನೇ ಹಿಡಿದು ನಿಲ್ಲಿಸಿ, ಏನು ನೆನಪಿದೆ ಎಂದು ಕೇಳಿದೆ. ಯೋಚಿಸಿ, "ಅವರು ಹನ್ನೆರಡು ಜನ ಎದ್ದಿದ್ದರು, ಅವನೊಬ್ಬ ಮಲಗಿದ್ದ. ಅಷ್ಟು ಸಣ್ಣ ಜಾಗದಲ್ಲಿ ಗಲಾಟೆಗೆ ಎಚ್ಚರ ಆಗಲಿಲ್ಲವಾ ಅವನಿಗೆ?" ಎಂದ. ಸುಸ್ತಾಗಿತ್ತೇನೋ ಎಂದೆ. "ಹೌದು, ಅಪ್ಪನೂ ಬೋಟಿನಿಂದ ಬಂದ ದಿನ ಹಾಗೆಯೇ" ಎಂದು ಒಪ್ಪಿಕೊಂಡ.

ಭಾನುವಾರ ಬೆಳಿಗ್ಗೆ ಆರಾಧನೆಗೆ ಬಂದವರು ಎಂದಿನಂತೆ ಹಲಸಿನ ನೆರಳಿಗೆ ಗಾಡಿಗಳನ್ನು ತಂದರು. ಸುಣ್ಣದ ಗೆರೆ ಒಂದು ಬದಿಯಲ್ಲಿ ಅಳಿಸಿಹೋಗಿತ್ತು, ಗೊತ್ತಿಲ್ಲದವರಿಗೆ ಅದು ದೋಣಿಯೆಂದು ತಿಳಿಯುವಂತಿರಲಿಲ್ಲ. ಸಭೆಯ ಹಿರಿಯರೊಬ್ಬರು ಸ್ಕೂಟರನ್ನು ಅದರ ನಟ್ಟನಡುವೆ ನಿಲ್ಲಿಸಿ ಸ್ಟ್ಯಾಂಡ್ ಹಾಕುತ್ತಿದ್ದರು. ಚುಕ್ಕಾಣಿಯ ಹುಡುಗ ಮೆಟ್ಟಿಲ ಮೇಲಿನಿಂದಲೇ ಕೂಗಿದ: "ಅಜ್ಜಾ, ಅಲ್ಲಿ ಬೇಡ, ಭಾರ ಆಗ್ತದೆ!"